ನಂಬಿಕೆ ಗಟ್ಟಿಯಾಗಿದ್ದರೆ ಒಂದೇ ಷೇರಿನಲ್ಲಿ ಎಷ್ಟು ಹಣ ಇರಬಹುದು?

ಪ್ರಶ್ನೆ: ಸರ್, ನನಗೆ 44 ವರ್ಷ. ಪೀಣ್ಯದ ಒಂದು ಮೆಷಿನಿಂಗ್ ಘಟಕದಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಆರು ವರ್ಷಗಳಿಂದ ವಾಲ್ವ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಂಪನಿಯ ಷೇರು ಕೊಳ್ಳುತ್ತಾ ಬಂದಿದ್ದೇನೆ. ನಮ್ಮ ಘಟಕ ಅವರಿಗೆ ಬಿಡಿಭಾಗ ಮಾಡಿಕೊಡುತ್ತದೆ, ಹಾಗಾಗಿ ಅವರ ಗುಣಮಟ್ಟವೂ ಗೊತ್ತು, ಆಡಳಿತವೂ ಗೊತ್ತು. 130 ರೂಪಾಯಿಗೆ 2,000, ಆಮೇಲೆ 220ಕ್ಕೆ 2,000, ಕೊನೆಗೆ 350ಕ್ಕೆ 1,000 ಷೇರು ತೆಗೆದುಕೊಂಡೆ. ಈಗಿನ ಬೆಲೆ 620, ಒಟ್ಟು 31 ಲಕ್ಷ. ಇದಲ್ಲದೆ ಮ್ಯೂಚುವಲ್ ಫಂಡ್ 14 ಲಕ್ಷ, ಬೇರೆ ಷೇರು 5 ಲಕ್ಷ, ಎಫ್‌ಡಿ 8 ಲಕ್ಷ, ಪಿಎಫ್ 15 ಲಕ್ಷ ಇದೆ. ಗೃಹಸಾಲ 18 ಲಕ್ಷ ಬಾಕಿ. ಮಗಳು ಫಸ್ಟ್ ಪಿಯು, ಎರಡು ವರ್ಷದೊಳಗೆ ಎಂಜಿನಿಯರಿಂಗ್‌ಗೆ 12 ಲಕ್ಷವಾದರೂ ಬೇಕು. ಷೇರು 755ರಿಂದ 620ಕ್ಕೆ ಇಳಿದಿದೆ. ಎಫ್‌ಡಿ ಮುರಿದು ಇನ್ನಷ್ಟು ಕೊಳ್ಳೋಣ ಎಂದುಕೊಂಡಿದ್ದೇನೆ. ಪತ್ನಿ ಅರ್ಧ ಮಾರಿಬಿಡಿ ಅನ್ನುತ್ತಾಳೆ. ಓದಿ, ನೋಡಿ, ತಿಳಿದು ಹಾಕಿದ ಹಣವನ್ನು ಹತ್ತು ಕಡೆ ಚೆಲ್ಲುವುದು ಯಾಕೆ? ನಿಜವಾಗಿ ಎಷ್ಟು ಪರ್ಸೆಂಟ್ ಇರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈ ಕಂಪನಿ ಒಳ್ಳೆಯದೇ ಎಂಬುದು ಒಂದು. ಇದರಲ್ಲಿ ನಿಮ್ಮ ಮನೆಯ ಎಷ್ಟು ಹಣ ಇರಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕಂಪನಿಯ ಲೆಕ್ಕಪತ್ರದಲ್ಲಿ ಸಿಗುತ್ತದೆ, ಎರಡನೆಯದಕ್ಕೆ ನಿಮ್ಮ ಮನೆಯ ಲೆಕ್ಕದಲ್ಲಿ. ನಿಮ್ಮ ನಂಬಿಕೆ ಎಷ್ಟೇ ಗಟ್ಟಿಯಾಗಿದ್ದರೂ ಅದು ಮೊದಲನೆಯದನ್ನಷ್ಟೇ ತೀರ್ಮಾನಿಸಬಲ್ಲದು. ಕಂಪನಿ ಒಳ್ಳೆಯದೇ ಎಂದು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಈಗಿನ ಸ್ಥಿತಿ ನೋಡಿ. ಷೇರು ಮತ್ತು ಫಂಡ್ ಸೇರಿ 50 ಲಕ್ಷ, ಅದರಲ್ಲಿ ಶೇ 62 ಒಂದೇ ಕಂಪನಿ. ಎಫ್‌ಡಿ, ಪಿಎಫ್ ಸೇರಿಸಿದರೆ 73 ಲಕ್ಷ, ಅದರಲ್ಲಿ ಶೇ 42. ಎಫ್‌ಡಿಯ 8 ಲಕ್ಷವನ್ನೂ ಅದಕ್ಕೇ ಹಾಕಿದರೆ ಷೇರು-ಫಂಡ್ ಲೆಕ್ಕದಲ್ಲಿ ಶೇ 67 ದಾಟುತ್ತದೆ. ಇನ್ನೊಂದು ವಿಷಯ ಗಮನಿಸಿ: ನೀವು ಕೈಯಿಂದ ಹಾಕಿದ್ದು 10.5 ಲಕ್ಷ ಮಾತ್ರ. ಶೇ 62 ಇರಲಿ ಎಂದು ನೀವು ಯಾವತ್ತೂ ಕೂತು ನಿರ್ಧರಿಸಲಿಲ್ಲ. ಬೆಲೆ ಏರುತ್ತಾ ಹೋಯಿತು, ಪಾಲು ತಾನೇ ಬೆಳೆಯಿತು. ಬೆಲೆ ಏರಿದಾಗ ನಂಬಿಕೆಯೂ ಏರುತ್ತದೆ. ಆ ನಂಬಿಕೆಯಲ್ಲಿ ಕಂಪನಿಯ ಬಗ್ಗೆ ಹೊಸದಾಗಿ ತಿಳಿದದ್ದೆಷ್ಟು, ಲಾಭ ಕಂಡ ಖುಷಿ ಎಷ್ಟು ಎಂದು ಬಿಡಿಸಿ ನೋಡುವುದು ಹೂಡಿಕೆದಾರನಿಗೆ ಬಹಳ ಕಷ್ಟ.

ಈಗ, ಹತ್ತು ಕಡೆ ಹಂಚುವುದು ತಿಳಿಯದವರ ಕೆಲಸ ಎಂಬ ಮಾತಿಗೆ ಬರೋಣ. ಇದನ್ನು ಸಾಮಾನ್ಯವಾಗಿ ವಾರೆನ್ ಬಫೆಟ್ ಹೆಸರಿಗೆ ಕಟ್ಟುತ್ತಾರೆ. ಬಫೆಟ್ 1960ರ ದಶಕದಲ್ಲಿ ತಮ್ಮ ಪಾಲುದಾರಿಕೆ ನಿಧಿಯ ಸುಮಾರು ಶೇ 40ರಷ್ಟನ್ನು ಅಮೆರಿಕನ್ ಎಕ್ಸ್‌ಪ್ರೆಸ್ ಒಂದಕ್ಕೇ ಹಾಕಿದ್ದು ನಿಜ. 2023ರ ಕೊನೆಯಲ್ಲಿ ಅವರ ಕಂಪನಿ ಬರ್ಕ್‌ಷೈರ್‌ನ ಷೇರು ಹೂಡಿಕೆಯಲ್ಲಿ ಹತ್ತಿರಹತ್ತಿರ ಅರ್ಧ ಆ್ಯಪಲ್ ಇದ್ದದ್ದೂ ನಿಜ. ಆದರೆ ಆ ಅರ್ಧ ಯಾವುದರ ಅರ್ಧ? ಷೇರುಗಳ ಪಟ್ಟಿಯ ಅರ್ಧ. ಬರ್ಕ್‌ಷೈರ್‌ಗೆ ಅದರಾಚೆ ವಿಮಾ ಕಂಪನಿಗಳಿವೆ, ರೈಲ್ವೆ ಇದೆ, ವಿದ್ಯುತ್ ಕಂಪನಿಗಳಿವೆ, ಕೈಯಲ್ಲಿ ದೊಡ್ಡ ನಗದು ಇದೆ. ಅಷ್ಟಿದ್ದೂ 2024ರಲ್ಲಿ ಆ್ಯಪಲ್ ಷೇರುಗಳಲ್ಲಿ ಮೂರನೇ ಎರಡರಷ್ಟನ್ನು ಮಾರಿದರು. ಅವರ ಶೇ 50ನ್ನು ನಿಮ್ಮ ಶೇ 62ರ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಆ ಷೇರು ಬಿದ್ದರೆ ಅವರ ಮನೆಯ ಇಎಂಐ ನಿಲ್ಲುವುದಿಲ್ಲ.

ನಮ್ಮಲ್ಲಿ ಇನ್ಫೋಸಿಸ್ ಕಥೆಯಂತೂ ಮದುವೆ ಮನೆಯಲ್ಲೂ ಕೇಳಿಬರುತ್ತದೆ. 1993ರ ಐಪಿಒದಲ್ಲಿ, ಅಂದರೆ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಿದಾಗ, 95 ರೂಪಾಯಿಗೆ ಕೊಟ್ಟರೂ ಪೂರ್ತಿ ಬೇಡಿಕೆಯೂ ಬರಲಿಲ್ಲ, ಹಿಡಿದುಕೊಂಡವರು ಕೋಟ್ಯಧಿಪತಿಗಳಾದರು. ಸತ್ಯವೇ. ಆದರೆ 2003ರ ಏಪ್ರಿಲ್ 10ರಂದು ಅದೇ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿದದ್ದನ್ನು ಯಾರೂ ನೆನೆಯುವುದಿಲ್ಲ. ಅಷ್ಟೇ ನಂಬಿಕೆಯಿಂದ ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರು ಹಿಡಿದುಕೊಂಡ ಬೆಂಗಳೂರಿಗರೂ ಇದ್ದರು. ಆ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನಿಂತವು. ಆ ಕಥೆಯನ್ನು ಮದುವೆ ಮನೆಯಲ್ಲಿ ಹೇಳುವವರಿಲ್ಲ, ಅಷ್ಟೇ ವ್ಯತ್ಯಾಸ.

ಹಣ ನೋಡಿಕೊಳ್ಳುವುದನ್ನೇ ಕಸುಬಾಗಿ ಮಾಡಿಕೊಂಡವರಿಗೆ ನಿಯಮ ಏನಿದೆ? ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಸಕ್ರಿಯವಾಗಿ ನಡೆಸುವ ಈಕ್ವಿಟಿ ಮ್ಯೂಚುವಲ್ ಫಂಡ್ ಯೋಜನೆಯೊಂದು ಒಂದೇ ಕಂಪನಿಯ ಷೇರಿನಲ್ಲಿ ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಕೆಲವೇ ಷೇರು ಇಟ್ಟುಕೊಳ್ಳುತ್ತೇವೆ ಎನ್ನುವ ಫೋಕಸ್ಡ್ ಫಂಡ್‌ಗೂ 30 ಷೇರುಗಳ ಮಿತಿ ಇದೆಯೇ ಹೊರತು ಒಂದರಲ್ಲೇ ಸುರಿಯುವ ಸ್ವಾತಂತ್ರ್ಯ ಇಲ್ಲ. ನೀವು ಫಂಡ್ ಅಲ್ಲ, ನಿಮಗೆ ಈ ಶೇ 10 ಕಾನೂನಲ್ಲ. ಆದರೆ ಕಂಪನಿಯ ಆಡಳಿತವನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬಲ್ಲವರಿಗೇ ಈ ಮಿತಿ ಇದೆ ಎಂಬುದು ತಲೆಯಲ್ಲಿರಲಿ.

ನಂಬಿಕೆಗೂ ಪ್ರಮಾಣಕ್ಕೂ ಇರುವ ಸಂಬಂಧವನ್ನು ಅಂಕಿಯಲ್ಲೇ ತೋರಿಸುತ್ತೇನೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಒಂದು ಸೂತ್ರ ಕೊಟ್ಟರು. ಗೆಲ್ಲುವ ಸಾಧ್ಯತೆ ಶೇ 60, ಗೆದ್ದರೆ ಹಾಕಿದ ಹಣ ದುಪ್ಪಟ್ಟು, ಸೋತರೆ ಹಾಕಿದ್ದೆಲ್ಲ ಹೋಯಿತು ಎಂದಿಟ್ಟುಕೊಳ್ಳಿ. ಇಷ್ಟು ಅನುಕೂಲಕರ ಅವಕಾಶದಲ್ಲೂ ಸೂತ್ರದ ಪ್ರಕಾರ ಹಾಕಬೇಕಾದದ್ದು ಕೈಯಲ್ಲಿರುವುದರ ಶೇ 20 ಮಾತ್ರ: 60ರಿಂದ 40 ಕಳೆಯಿರಿ. ಹತ್ತು ಸಲ ಹೀಗೆ ಹಾಕಿ, ಲೆಕ್ಕದಂತೆಯೇ ಆರು ಸಲ ಗೆದ್ದು ನಾಲ್ಕು ಸಲ ಸೋತರೆ 100 ರೂಪಾಯಿ 122 ಆಗುತ್ತದೆ. ಅದೇ ಅವಕಾಶ, ಅದೇ ಆರು ಗೆಲುವು, ನಾಲ್ಕು ಸೋಲು, ಆದರೆ ಪ್ರತಿ ಸಲ ನಿಮ್ಮ ಹಾಗೆ ಶೇ 62 ಹಾಕಿದರೆ? 100 ರೂಪಾಯಿ 38ಕ್ಕೆ ಇಳಿಯುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ 1.62ನ್ನು ಆರು ಸಲ, 0.38ನ್ನು ನಾಲ್ಕು ಸಲ ಗುಣಿಸಿ ನೋಡಿ. ಆಯ್ಕೆ ಸರಿಯಾಗಿತ್ತು, ಹೆಚ್ಚು ಸಲ ಗೆದ್ದದ್ದೂ ಹೌದು, ಆದರೂ ಹಣ ಕರಗಿತು. ಪ್ರಮಾಣ ಒಂದೇ ತಪ್ಪಾದದ್ದು.

ಷೇರು ಜೂಜಿನಷ್ಟು ಸರಳ ಅಲ್ಲ, ಒಂದೇ ಏಟಿಗೆ ಸೊನ್ನೆಯಾಗುವುದು ಅಪರೂಪ, ಒಪ್ಪುತ್ತೇನೆ. ಆದರೆ ಸೂತ್ರದ ಇನ್ನೊಂದು ಮುಖ ನೋಡಿ. ನೀವು ಶೇ 60 ಎಂದುಕೊಂಡ ಸಾಧ್ಯತೆ ನಿಜದಲ್ಲಿ ಶೇ 50 ಆಗಿದ್ದರೆ ಹಾಕಬೇಕಾದ ಮೊತ್ತ ಸೊನ್ನೆ. ಹತ್ತು ಪಾಯಿಂಟ್ ಅಂದಾಜು ತಪ್ಪಿದರೆ ಶೇ 20 ಇದ್ದದ್ದು ಸೊನ್ನೆಗೆ ಬರುತ್ತದೆ. ಕಂಪನಿಯ ಭವಿಷ್ಯವನ್ನು ಅಷ್ಟು ನಿಖರವಾಗಿ ಅಂದಾಜು ಮಾಡಬಲ್ಲವರು ಯಾರಿದ್ದಾರೆ? ಅದಕ್ಕೇ ಈ ಸೂತ್ರ ಬಳಸುವವರೂ ಅದು ಹೇಳಿದ್ದರ ಅರ್ಧವನ್ನೋ ಕಾಲನ್ನೋ ಮಾತ್ರ ಹಾಕುತ್ತಾರೆ.

ಹೆಚ್ಚು ಇಳಿದರೆ ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದ ಕೂಡಲೇ ಮಾರುವಂತೆ ಮೊದಲೇ ಕೊಟ್ಟಿಡುವ ಆರ್ಡರ್) ಹಾಕಿ ಹೊರಬರುತ್ತೇನೆ ಎಂದು ನೀವು ಬರೆದಿಲ್ಲ. ಆದರೆ ಈ ಉತ್ತರ ಓದುವ ಹಲವರ ಮನಸ್ಸಿನಲ್ಲಿ ಅದು ಇರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದೊಡ್ಡ ಕುಸಿತಗಳು ಮೆಟ್ಟಿಲು ಇಳಿದ ಹಾಗೆ ಬರುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರದಲ್ಲಿನ ವಂಚನೆ ಒಪ್ಪಿಕೊಂಡ ಪತ್ರ ಹೊರಬಿತ್ತು. ಹಿಂದಿನ ವಹಿವಾಟಿನಲ್ಲಿ 179 ರೂಪಾಯಿ ಆಸುಪಾಸಿನಲ್ಲಿದ್ದ ಷೇರು ಅದೇ ದಿನ ಸಂಜೆಗೆ 40ರ ಆಸುಪಾಸಿನಲ್ಲಿತ್ತು. ಎಫ್ ಆ್ಯಂಡ್ ಒ (ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ಪಟ್ಟಿಯಲ್ಲಿರುವ ಷೇರಿಗೆ ನಿಗದಿತ ಸರ್ಕ್ಯೂಟ್ ಮಿತಿ, ಅಂದರೆ ದಿನದಲ್ಲಿ ಬೆಲೆ ಇಷ್ಟೇ ಏರಿಳಿಯಬಹುದು ಎಂಬ ಗೆರೆ, ಇಲ್ಲದ ಕಾರಣ ಅಷ್ಟು ಇಳಿಯಲು ಸಾಧ್ಯವಾಯಿತು. 160ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದರೂ 160 ಸಿಗುತ್ತದೆಂಬ ಭರವಸೆ ಇಲ್ಲ, ಆ ಕ್ಷಣ ಕೊಳ್ಳುವವನು ಹೇಳಿದ್ದೇ ಬೆಲೆ. ಆ ಪಟ್ಟಿಯಲ್ಲಿಲ್ಲದ ಷೇರಿನಲ್ಲಿ ಕಷ್ಟ ಬೇರೆ ರೀತಿ: ಶೇ 5, 10 ಅಥವಾ 20ರ ಲೋವರ್ ಸರ್ಕ್ಯೂಟ್‌ಗೆ ಬೀಗ ಬಿದ್ದರೆ ಮಾರುವವರ ಸಾಲು ಇರುತ್ತದೆ, ಕೊಳ್ಳುವವರೇ ಇರುವುದಿಲ್ಲ. ನಿಮ್ಮ ಮಧ್ಯಮ ಗಾತ್ರದ ಕಂಪನಿಗೆ ಈ ಎರಡನೆಯದೇ ಹೆಚ್ಚು ಸಂಭವ.

ಇನ್ನೂ ಕೆಟ್ಟದ್ದು, ಮಾರುವ ಬಾಗಿಲೇ ಮುಚ್ಚುವುದು. ಚಿಕ್ಕಮಗಳೂರಿನ ಮಣ್ಣಿನಿಂದ ಬಂದ ಕಾಫಿ ಡೇ ಎಂಟರ್‌ಪ್ರೈಸಸ್ 2015ರಲ್ಲಿ 328 ರೂಪಾಯಿಗೆ ಐಪಿಒ ತಂದಾಗ ನಮ್ಮವರದು ಎಂಬ ವಿಶ್ವಾಸದಿಂದ ಕೊಂಡವರು ಎಷ್ಟೋ. 2019ರ ಜುಲೈ ಕೊನೆಯಲ್ಲಿ ಸಾಲುಸಾಲು ಲೋವರ್ ಸರ್ಕ್ಯೂಟ್ ಬಿತ್ತು, 2020ರ ಫೆಬ್ರವರಿಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಷೇರು ವಹಿವಾಟೇ ಸ್ಥಗಿತವಾಗಿತ್ತು. ಯೆಸ್ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಸಮೀಪ ಇತ್ತು. 2020ರ ಮಾರ್ಚ್ 6ಕ್ಕೆ 20 ರೂಪಾಯಿಗೂ ಕೆಳಗೆ. ಆಮೇಲೆ ಪುನರ್‌ರಚನೆಯಲ್ಲಿ 100ಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75ರಷ್ಟನ್ನು ಮೂರು ವರ್ಷ ಮಾರದಂತೆ ಲಾಕ್ ಮಾಡಲಾಯಿತು. ಇಳಿಯುತ್ತಾ ಬಂದಾಗಲೆಲ್ಲ ಇನ್ನಷ್ಟು ಕೊಂಡು ಆವರೇಜ್ ಮಾಡಿದವರಿಗೆ ಏಟು ಎಲ್ಲರಿಗಿಂತ ಜೋರು. ನಿಮ್ಮ ಕಂಪನಿ ಹೀಗಾಗುತ್ತದೆ ಎಂದಲ್ಲ. ಹೀಗಾಗುವ ಕಂಪನಿ ಮೊದಲೇ ಹಾಗೆ ಕಾಣುವುದಿಲ್ಲ.

ನಿಮ್ಮ ವಿಚಾರದಲ್ಲಿ ಇನ್ನೆರಡು ವಿಶೇಷ ಅಪಾಯಗಳಿವೆ. ಸಂಬಳವೂ ಉಳಿತಾಯವೂ ಒಂದೇ ಕಂಪನಿಯ ಆರ್ಡರ್ ಪುಸ್ತಕಕ್ಕೆ ಕಟ್ಟಿಕೊಂಡಿವೆ. ವಾಲ್ವ್‌ಗೆ ಬೇಡಿಕೆ ಕುಸಿದರೆ ಷೇರು ಇಳಿಯುವ ಅದೇ ಹೊತ್ತಿಗೆ ನಿಮ್ಮ ಘಟಕದ ಓವರ್‌ಟೈಮ್ ನಿಲ್ಲುತ್ತದೆ, ಮುಂದೆ ಕೆಲಸಕ್ಕೂ ಕುತ್ತು ಬರಬಹುದು. ಎರಡನೆಯದು ಕಾನೂನಿನದು. ಪೂರೈಕೆದಾರನಾಗಿ ನಿಮಗೆ ತಿಳಿದುಬರುವ ದೊಡ್ಡ ಆರ್ಡರ್, ಆರ್ಡರ್ ರದ್ದತಿ, ಹೊಸ ಘಟಕದ ಯೋಜನೆ ಇಂಥವು ಹೊರಗೆ ಪ್ರಕಟವಾಗಿರದಿದ್ದರೆ, ಅವುಗಳನ್ನು ಇಟ್ಟುಕೊಂಡು ಷೇರು ಕೊಳ್ಳುವುದು ಮಾರುವುದು ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳಡಿ ತಪ್ಪಾಗಬಹುದು. ನಿಮ್ಮ ನಂಬಿಕೆಗೆ ಆಧಾರ ಇಂಥ ಮಾಹಿತಿಯೇ ಆಗಿದ್ದರೆ, ವಹಿವಾಟಿಗೆ ಕೈ ಹಾಕುವ ಮುನ್ನ ಕಾನೂನು ಬಲ್ಲವರನ್ನು ಕೇಳಿ.

ಹಾಗಾದರೆ ಎಷ್ಟು? ಪ್ರಮಾಣವನ್ನು ನಷ್ಟದ ಕಡೆಯಿಂದ ಲೆಕ್ಕ ಹಾಕಬೇಕು. ಈ ಒಂದು ಷೇರಿನಿಂದ ಒಟ್ಟು ಹಣದಲ್ಲಿ ಎಷ್ಟು ಹೋದರೂ ಮನೆಯ ಯಾವ ಕೆಲಸವೂ ನಿಲ್ಲುವುದಿಲ್ಲ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಗೃಹಸಾಲ, ಮಗಳ ಓದು ಎರಡೂ ಇರುವ ನಿಮ್ಮಂಥವರಿಗೆ ಶೇ 10 ನಾನು ಒಪ್ಪುವ ಗರಿಷ್ಠ. 73 ಲಕ್ಷದಲ್ಲಿ ಅದು 7.3 ಲಕ್ಷ. ಮಧ್ಯಮ ಗಾತ್ರದ ಕಂಪನಿ ಕೆಟ್ಟ ಕಾಲದಲ್ಲಿ ಶೇ 70 ಇಳಿಯಬಹುದು ಎಂದಿಟ್ಟುಕೊಂಡು 7.3ನ್ನು 0.7ರಿಂದ ಭಾಗಿಸಿದರೆ ಬರುವುದು ಸುಮಾರು 10.4 ಲಕ್ಷ. ಅಷ್ಟು ಈ ಷೇರಿನಲ್ಲಿರಬಹುದು. ಈಗಿರುವುದು ಅದರ ಮೂರು ಪಟ್ಟು. ಶೇ 70 ಇಳಿದರೆ ಹೋಗುವುದು 21.7 ಲಕ್ಷ, ಅಂದರೆ ಮಗಳ ಎಂಜಿನಿಯರಿಂಗ್ ಖರ್ಚಿನ ಹತ್ತಿರಹತ್ತಿರ ಎರಡರಷ್ಟು. ಆಮೇಲೆ ಹಳೆಯ ಮಟ್ಟಕ್ಕೆ ಬರಲು ಆ ಷೇರು ಶೇ 233 ಏರಬೇಕು.

ಎಫ್‌ಡಿ ಮುರಿಯಬೇಡಿ. ಇದರಲ್ಲಿ ಎರಡು ಮಾತಿಲ್ಲ. ಎರಡು ವರ್ಷದೊಳಗೆ ಬೇಕಾದ ಹಣಕ್ಕೆ ಷೇರು ಜಾಗವೇ ಅಲ್ಲ. 755ರಿಂದ 620ಕ್ಕೆ ಇಳಿದದ್ದರಿಂದ ಷೇರು ಅಗ್ಗವಾಯಿತು ಎಂದೂ ಅಲ್ಲ. 755 ದುಬಾರಿಯಾಗಿತ್ತೋ ಏನೋ.

ಉಳಿದಂತೆ ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ ಸುಮ್ಮನಿರಬಹುದು. ತೆರಿಗೆ ಇಲ್ಲ, ಕಂಪನಿ ಗೆದ್ದರೆ ಪೂರ್ತಿ ಲಾಭ ನಿಮ್ಮದೇ, ಸೋತರೆ ಮೇಲಿನ 21.7 ಲಕ್ಷ ನಿಮ್ಮದೇ. ನಾನು ಇದನ್ನು ಹೇಳಲಾರೆ.

ಎರಡನೆಯದು, 3,000 ಷೇರು ಮಾರಿ 2,000 ಇಟ್ಟುಕೊಳ್ಳುವುದು. ಉಳಿಯುವುದು 12.4 ಲಕ್ಷ, ಒಟ್ಟು ಹಣದ ಶೇ 17ರ ಆಸುಪಾಸು. ನನ್ನ ಲೆಕ್ಕದ 10.4ಕ್ಕಿಂತ ಸ್ವಲ್ಪ ಹೆಚ್ಚೇ. ಆದರೆ ಆರು ವರ್ಷ ಹಿಂಬಾಲಿಸಿದ ಕಂಪನಿಗೆ ಅಷ್ಟು ರಿಯಾಯಿತಿ ಕೊಡಬಹುದು. ನಿಮ್ಮ ನಂಬಿಕೆಗೆ ಬೆಲೆ ಸಿಗುವುದು ಇಲ್ಲಿ. ಇಷ್ಟು ಅಧ್ಯಯನ ಮಾಡದ ಷೇರಿಗೆ ನಾನು ಶೇ 5 ದಾಟಲು ಬಿಡುವುದಿಲ್ಲ. ಅಪಾಯ ಏನೆಂದರೆ ಮಾರಿದ ಮೇಲೆ ಷೇರು 1,200ಕ್ಕೆ ಹೋಗಬಹುದು. ಹೋದರೆ ಬೇಸರವಾಗುತ್ತದೆ, ಆದರೆ ಮನೆ ನಡೆಯುತ್ತದೆ. ಉಳಿದ 2,000 ಷೇರೇ ಆಗ 24 ಲಕ್ಷ ಆಗಿರುತ್ತದೆ.

ಇದರ ತೆರಿಗೆ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಬ್ರೋಕರ್ ಆ್ಯಪ್‌ನಲ್ಲಿ ಸರಾಸರಿ ಬೆಲೆ 210 ಎಂದು ಕಾಣುತ್ತದೆ, ಆದರೆ ಡಿಮ್ಯಾಟ್ ಷೇರಿಗೆ ಆದಾಯ ತೆರಿಗೆ ಲೆಕ್ಕ ಮೊದಲು ಕೊಂಡದ್ದು ಮೊದಲು ಮಾರಿದಂತೆ. ಅಂದರೆ 130ರ 2,000 ಮತ್ತು 220ರ 1,000 ಷೇರು ಹೋಗುತ್ತವೆ, ಅಸಲು 4.8 ಲಕ್ಷ. ಮಾರಾಟ 18.6 ಲಕ್ಷ, ಲಾಭ 13.8 ಲಕ್ಷ. ಒಂದು ವರ್ಷ ದಾಟಿದ ಷೇರಿಗೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಉಳಿದ 12.55 ಲಕ್ಷಕ್ಕೆ ಶೇ 12.5ರಂತೆ, ಶೇ 4 ಸೆಸ್ ಸೇರಿ, 1,63,150 ರೂಪಾಯಿ. 210ರ ಸರಾಸರಿ ಹಿಡಿದಿದ್ದರೆ 1,43,650 ಬರುತ್ತಿತ್ತು, ಕೊನೆಗೆ 19,500 ಕಡಿಮೆ ಬೀಳುತ್ತಿತ್ತು.

ಮೂರನೆಯದು, ಅದೇ 3,000ವನ್ನು ಮೂರು ಹಣಕಾಸು ವರ್ಷಗಳಿಗೆ ಹಂಚಿ, ತಲಾ 1,000ದಂತೆ ಮಾರುವುದು. 1.25 ಲಕ್ಷದ ವಿನಾಯಿತಿ ಇನ್ನೆರಡು ಸಲ ಸಿಗುತ್ತದೆ, ಉಳಿತಾಯ 32,500. ಕೇಳಲು ಚೆನ್ನ. ಆದರೆ 18.6 ಲಕ್ಷದ ಷೇರು ಬರೀ ಶೇ 5 ಇಳಿದರೂ 93,000 ಹೋಯಿತು. ಮಾರ್ಚ್ ಕೊನೆ ಹತ್ತಿರವಿದ್ದರೆ ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿ ಎರಡು ವರ್ಷದ ವಿನಾಯಿತಿ ಪಡೆಯುವುದು ಜಾಣತನ. ಅದಕ್ಕಿಂತ ಉದ್ದಕ್ಕೆ ಎಳೆಯಬೇಡಿ.

ಎರಡನೆಯ ದಾರಿಯಲ್ಲಿ ತೆರಿಗೆ ಕಳೆದು ಕೈಗೆ ಬರುವುದು ಸುಮಾರು 17 ಲಕ್ಷ. ಅದರಲ್ಲಿ 4 ಲಕ್ಷ ಈಗಿನ ಎಫ್‌ಡಿಗೆ ಸೇರಿದರೆ ಮಗಳ 12 ಲಕ್ಷ ತುಂಬಿತು. ಇನ್ನೊಂದು 4 ಲಕ್ಷ ಇಎಂಐ ಸೇರಿ ಆರು ತಿಂಗಳ ಮನೆ ಖರ್ಚಿಗೆಂದು ಪ್ರತ್ಯೇಕ ಇರಲಿ. ನಿಮ್ಮ ಪಟ್ಟಿಯಲ್ಲಿ ತುರ್ತು ನಿಧಿಯೇ ಇಲ್ಲ. ಉಳಿದ 9 ಲಕ್ಷವನ್ನು ಒಂದು ಇಂಡೆಕ್ಸ್ ಫಂಡ್‌ಗೂ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ಗೃಹಸಾಲದ ಅಸಲಿಗೂ ಹಂಚಬಹುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ಕಟ್ಟಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ.

ಉಳಿಸಿಕೊಳ್ಳುವ 2,000 ಷೇರಿಗೆ ಒಂದು ಹಾಳೆ ಬರೆದಿಡಿ. ಯಾವ ಕಾರಣಕ್ಕೆ ಇಟ್ಟುಕೊಂಡಿದ್ದೇನೆ, ಯಾವುದು ಆದರೆ ಮಾರುತ್ತೇನೆ. ಪ್ರತಿ ತ್ರೈಮಾಸಿಕ ಪ್ರವರ್ತಕರು ಅಡವಿಟ್ಟ ಷೇರಿನ ಪ್ರಮಾಣ ನೋಡಿ, ಇದು ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಷೇರುದಾರರ ವಿವರದಡಿ ಸಿಗುತ್ತದೆ. ವಾರ್ಷಿಕ ವರದಿಯಲ್ಲಿ ಐದು ವರ್ಷದ ನಿವ್ವಳ ಲಾಭವನ್ನೂ ಕಾರ್ಯಾಚರಣೆಯಿಂದ ಬಂದ ನಗದನ್ನೂ ಕೂಡಿ ಪಕ್ಕಪಕ್ಕ ಇಡಿ; ನಗದು ಲಾಭಕ್ಕಿಂತ ತೀರಾ ಹಿಂದೆ ಬಿದ್ದಿದ್ದರೆ ಹಣ ಗ್ರಾಹಕರ ಬಾಕಿಯಲ್ಲೋ ಗೋದಾಮಿನಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಲಾಭವೇ ಕಾಗದದ್ದು. ಆಡಿಟರ್ ಅವಧಿಗೆ ಮುಂಚೆ ರಾಜೀನಾಮೆ ಕೊಟ್ಟರೆ ಕಾರಣ ಓದುವವರೆಗೆ ಒಂದು ಷೇರೂ ಹೊಸದಾಗಿ ಕೊಳ್ಳಬೇಡಿ. ಬೆಲೆ ಏರಿ ಪಾಲು ಮತ್ತೆ ಶೇ 20 ದಾಟಿದರೆ ಶೇ 15ಕ್ಕೆ ಇಳಿಸುತ್ತೇನೆ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ. ಬರೆದದ್ದನ್ನು ಪತ್ನಿಗೂ ತೋರಿಸಿ. ಅವರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ, ನಾಳೆ ನಿಮಗೇನಾದರೂ ಆದರೆ ಈ 5,000 ಷೇರನ್ನು ಏನು ಮಾಡಬೇಕೆಂದು ತೀರ್ಮಾನಿಸಬೇಕಾದವರು ಅವರೇ.

ಮಾರುವ ದಿನದ ಬಗ್ಗೆ. ಆ ಷೇರಿನ ದಿನದ ಸರಾಸರಿ ಡೆಲಿವರಿ ಪ್ರಮಾಣ ಎನ್‌ಎಸ್‌ಇಯಲ್ಲಿ ನೋಡಿ, ಅದರ ಹತ್ತನೇ ಒಂದಕ್ಕಿಂತ ಹೆಚ್ಚನ್ನು ಒಂದೇ ದಿನ ಮಾರಬೇಡಿ. ದಿನಕ್ಕೆ 15,000 ಷೇರು ಕೈಬದಲಾಗುತ್ತಿದ್ದರೆ ನಿಮ್ಮ 3,000ಕ್ಕೆ ಎರಡು ದಿನ ಸಾಕು. ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಬೇಡ, ನೀವು ಹೇಳಿದ ಬೆಲೆಗಿಂತ ಕೆಳಗೆ ಮಾರದ ಲಿಮಿಟ್ ಆರ್ಡರ್ ಹಾಕಿ, ಮಾರುಕಟ್ಟೆ ತೆರೆಯುವ 9.15ರಿಂದ ಮೊದಲ ಹದಿನೈದು ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಅವತ್ತೇ ಬೇರೆ ಖಾತೆಗೆ ಹಾಕಿ. ಮಾರಿದ ನಂತರ ಬರುವ ಮುಂಗಡ ತೆರಿಗೆಯ ಕಂತಿನಲ್ಲಿ, ಮಾರ್ಚ್ 15ರ ನಂತರ ಮಾರಿದ್ದರೆ ಮಾರ್ಚ್ 31ರೊಳಗೆ ಕಟ್ಟಿದರೆ ಕಂತು ತಡವಾದದ್ದಕ್ಕೆ ಬಡ್ಡಿ ಬೀಳುವುದಿಲ್ಲ. ಈ ವರ್ಷದ ರಿಟರ್ನ್‌ಗೆ ಐಟಿಆರ್-1 ನಡೆಯುವುದಿಲ್ಲ, ದೀರ್ಘಾವಧಿ ಲಾಭ 1.25 ಲಕ್ಷ ದಾಟಿರುವುದರಿಂದ ಐಟಿಆರ್-2 ತುಂಬಬೇಕು.